ಯಾರ ಗಾಡಿಯ ಹುಡುಗ?

ನನ್ನ ಸೇವಾವಧಿಯ ಬಹುಭಾಗವು ಬಳ್ಳಾರಿ ಸೀಮೆಯಲ್ಲಿ, ಕಾರ್ಮಿಕ ಇಲಾಖೆಯ ಕಚೇರಿಯೊಂದರ ಗುಮಾಸ್ತಗಿರಿಯಲ್ಲಿ ಕಳೆದುಹೋಯಿತು. ಕಾರ್ಮಿಕ ಅಧಿಕಾರಿಗಳು ತಿಂಗಳಿನ ಕೆಲವು ದಿನಗಳಲ್ಲಿ, 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಗೆ ಅನುಸಾರವಾಗಿ, ಆಯುಕ್ತರೆಂಬ ಅಭಿಧಾನವನ್ನು ಧರಿಸಿ ನ್ಯಾಯಪೀಠದಲ್ಲಿ ಕುಳಿತುಕೊಳ್ಳುತ್ತಿದ್ದರು. ಪೀಠವೆಂದರೆ, ಉಳಿದ ದಿನಗಳಲ್ಲಿ ಕಡತಗಳನ್ನು ಪೇರಿಸಿಡುತ್ತಿದ್ದ ಅದೇ ಮೇಜನ್ನು ತೆರವು ಮಾಡಿ ಅದರ ಮೇಲೊಂದು ಹಸುರು ಬಟ್ಟೆಯನ್ನು ಹಾಸುತ್ತಿದ್ದೆವು, ಅಷ್ಟೆ. ಪಕ್ಷಗಾರರ ಹೆಸರನ್ನು ಕೂಗುವುದು, ಸಾಕ್ಷಿಗಳ ಹೇಳಿಕೆಯನ್ನು ಬರೆದುಕೊಳ್ಳುವುದು, ಹಾಜರುಪಡಿಸಿದ ಕಾಗದಗಳಿಗೆ ಗುರುತು ಹಾಕುವುದು ನನ್ನ ಪಾಲಿನ ಕೆಲಸ. ಕೈಯನ್ನೋ ಕಾಲನ್ನೋ ಕಳೆದುಕೊಂಡವರು, ಗಂಡನನ್ನೋ ಮಗನನ್ನೋ ಮಣ್ಣು ಮಾಡಿ ಬಂದವರು ಸಾಲಾಗಿ ನಿಲ್ಲುವ ಆ ಕೋಣೆಯಲ್ಲಿ ಅವರ ಸಂಕಟದ ವಿಚಾರಣೆ ನಡೆಯುತ್ತದೆಂದು ಹೊರಗಿನವರು ಭಾವಿಸುತ್ತಿದ್ದುದು ಸಹಜವೇ ಸರಿ. ನಾನು ಬರೆದುಕೊಂಡ ಹೇಳಿಕೆಗಳನ್ನು ಯಾರಾದರೂ ತಿರುವಿಹಾಕಿದರೆ, ಗಾಯದ ಮಾತು ನಾಲ್ಕು ಸಾಲಿಗೆ ಮುಗಿದು, ಗಾಯಗೊಂಡವನು ಯಾರ ಆಳು ಎಂಬ ಜಿಜ್ಞಾಸೆಯು ನಾಲ್ಕು ಹಾಳೆಗಳಷ್ಟು ಬೆಳೆದಿರುವುದನ್ನು ಕಂಡಾರು.

ನಮ್ಮಲ್ಲಿಗೆ ಬರುತ್ತಿದ್ದ ಅರ್ಜಿಗಳಲ್ಲಿ ಅದಿರಿನ ಲಾರಿಗಳವೇ ಹೆಚ್ಚು. ಆಗಿನ್ನೂ ಸಂಡೂರು ಹೊಸಪೇಟೆಗಳ ಕಡೆಯ ಸಣ್ಣ ಗಣಿಗಳಲ್ಲಿ ಯಂತ್ರಕ್ಕಿಂತ ಮನುಷ್ಯರ ರಟ್ಟೆಗೇ ಪ್ರಾಧಾನ್ಯವಿದ್ದಿತು. ಗಂಡಸರು ಹಾರೆ ಸುತ್ತಿಗೆಗಳಿಂದ ಒಡೆದ ಕಲ್ಲನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುವರು. ಲಾರಿಯು ಗುಡ್ಡವಿಳಿದು ರೈಲ್ವೆ ಸೈಡಿಂಗಿಗೆ ಬಂದು ಸುರಿಯುವುದು. ಅಲ್ಲಿಂದ ವ್ಯಾಗನ್ನು ಏರಿದ ಅದಿರು ಮದರಾಸಿಗೋ ಮರ್ಮಗೋವೆಗೋ ಹೋಗಿ ಹಡಗನ್ನು ಸೇರುವುದು. ಕಬ್ಬಿಣದ ಅದಿರು ಎಷ್ಟು ಭಾರವಾದ ಪದಾರ್ಥವೆಂದರೆ ಲಾರಿಯ ತೊಟ್ಟಿ ಕಣ್ಣಿಗೆ ಅರ್ಧ ಖಾಲಿಯೆಂದು ತೋರುವಾಗಲೇ ಹೊರೆಯು ಮಿತಿಯನ್ನು ಮುಟ್ಟಿರುತ್ತದೆ. ಟನ್ನಿನ ಲೆಕ್ಕದಲ್ಲಿ ಬಾಡಿಗೆ ಪಡೆಯುವವನಿಗೆ ಆ ಖಾಲಿ ಜಾಗವನ್ನು ನೋಡಿ ಸುಮ್ಮನಿರುವುದು ಕಷ್ಟ. ಹೀಗೆ ಅತಿಭಾರವಾದ ಗಾಡಿಯು, ಸಡಿಲವಾದ ಅದಿರಿನ ಪುಡಿಯ ಮೇಲೆ, ಕತ್ತಲಿನಲ್ಲಿ, ಕೆಂಪು ಧೂಳಿನ ನಡುವೆ ಹಿಂದಕ್ಕೆ ಸರಿಯಬೇಕಾದಾಗ, ಚಾಲಕನಿಗೆ ತನ್ನ ಬೆನ್ನ ಹಿಂದೆ ಏನಿದೆಯೆಂಬುದು ಸ್ವಲ್ಪವೂ ಕಾಣದು. ಕ್ಲೀನರ್ ಹುಡುಗನು ಇಳಿದು ಹೋಗಿ, ಗಾಡಿಯ ಹಿಂಭಾಗದಲ್ಲಿ ನಿಂತು, ತಗಡನ್ನು ಅಂಗೈಯಿಂದ ಬಡಿಯುತ್ತ ‘ಬರ್ಲಿ, ಬರ್ಲಿ’ ಎಂದು ಕೂಗಬೇಕು. ಸಾಕೆನ್ನುವಾಗ ಜೋರಾಗಿ ಎರಡು ಏಟು ಹಾಕಬೇಕು. ಗಾಡಿಯ ಸುತ್ತಲೂ ಅತ್ಯಂತ ಅಪಾಯಕರವಾದ ಸ್ಥಳ ಯಾವುದೋ ಅದೇ ಅವನ ಕೆಲಸದ ಸ್ಥಳ. ಈ ಏರ್ಪಾಡಿನಲ್ಲಿ ಯಾರಿಗೂ ಏನೂ ವಿಪರೀತವಾಗಿ ತೋರುತ್ತಿರಲಿಲ್ಲ. ಖನಿಯ ಎಲ್ಲೆಯೊಳಗಾದರೆ 1952ರ ಗಣಿ ಕಾಯಿದೆ, ಅದರ ತಪಾಸಣೆ, ಅದರ ಭೀತಿ ಸ್ವಲ್ಪಮಟ್ಟಿಗಾದರೂ ಇದ್ದವು. ಎಲ್ಲೆ ದಾಟಿ ಸೈಡಿಂಗಿಗೆ ಬಂದ ಲಾರಿಯು ಆ ಹತೋಟಿಯಿಂದಲೂ ಹೊರಗಾಗುತ್ತಿತ್ತು.

1986ರಲ್ಲಿ ನಮ್ಮ ಮುಂದೆ ಬಂದ ಒಂದು ಪ್ರಕರಣ, ಅನಂತರದ ನೂರಾರು ಕಡತಗಳ ರಾಶಿಯ ಅಡಿಯಲ್ಲಿಯೂ ನನ್ನ ಮನಸ್ಸಿನಿಂದ ಮರೆಯಾಗಲಿಲ್ಲ. ಕೂಡ್ಲಿಗಿ ಕಡೆಯ ಹುಡುಗ; ತಂದೆಯಿಲ್ಲ; ಮೀಸೆ ಮೂಡುವ ಮೊದಲೇ ಲಾರಿ ಹತ್ತಿದವನು. ರಾತ್ರಿಯ ಕೊನೆಯ ಟ್ರಿಪ್ಪಿನಲ್ಲಿ ಸೈಡಿಂಗಿನೊಳಗೆ ಗಾಡಿಯನ್ನು ಹಿಂದಕ್ಕೆ ತೆಗೆಸುತ್ತಿದ್ದಾಗ, ಚಕ್ರವು ಅದಿರಿನ ರಾಶಿಯಂಚಿನಲ್ಲಿ ಜಾರಿ, ತನ್ನ ಗಾಡಿಗೂ ಹಿಂದೆ ನಿಂತಿದ್ದ ಇನ್ನೊಂದು ಲಾರಿಗೂ ನಡುವೆ ಅವನ ಎಡಗಾಲು ಸಿಕ್ಕಿಬಿದ್ದಿತು. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಮಂಡಿಯ ಕೆಳಗೆ ನಾಲ್ಕು ಅಂಗುಲ ಉಳಿಸಿ ಕಾಲನ್ನು ತೆಗೆದರು. ಚಾಲಕನೂ ಮತ್ತೊಬ್ಬ ಕ್ಲೀನರನೂ ಸೇರಿ ಅವನನ್ನು ಆಸ್ಪತ್ರೆಗೆ ಹೊತ್ತು ತಂದಿದ್ದರು. ಮಾಲೀಕರ ಕಡೆಯ ಮೇಸ್ತ್ರಿ ಮರುದಿನ ಬಂದು, ಮಂಚದ ಪಕ್ಕದಲ್ಲಿ ಕುಳಿತಿದ್ದ ತಾಯಿಯ ಕೈಯಲ್ಲಿ ಸ್ವಲ್ಪ ಹಣವನ್ನಿಟ್ಟು, ಬರೆದು ತಂದಿದ್ದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದನು. ಆ ಕಾಗದದಲ್ಲಿ, ಹುಡುಗನು ತಮ್ಮ ಆಳಲ್ಲವೆಂದೂ, ದಾರಿಯಲ್ಲಿ ಹತ್ತಿಸಿಕೊಂಡವನೆಂದೂ, ಮಾನವೀಯತೆಯಿಂದ ಮಾತ್ರವೇ ಈ ಹಣವನ್ನು ಕೊಡಲಾಗಿದೆಯೆಂದೂ, ಇನ್ನು ಮುಂದೆ ಯಾವ ಹಕ್ಕೂ ಬಾಧ್ಯತೆಯೂ ಇಲ್ಲವೆಂದೂ ಬರೆದಿದ್ದಿತು. ಕರಡನ್ನು ಬರೆದವನು ಅಕ್ಷರಜ್ಞನೇ ಸರಿ. ‘ಮಾನವೀಯತೆ’ ಎಂಬ ಪದವನ್ನು ಅವನು ಎರಡು ಸಾರಿ ಬರೆದಿದ್ದನು.

ಆ ತಾಯಿ ನಮ್ಮ ಕಚೇರಿಯ ಜಗಲಿಯ ಮೇಲೆ ಕುಳಿತು ಹೇಳಿದ ಮಾತು ಇಷ್ಟೇ: “ಯಪ್ಪಾ, ಮಾಲಕ್ರು ಇವ ನಮ್ ಹುಡುಗ ಅಲ್ಲ ಅಂತಾರ್ರಿ. ಮಳಿಯಿರ್ಲಿ ಬಿಸ್ಲಿರ್ಲಿ, ಅವರ ಗಾಡಿಯಾಗ ಮಲಗಿ ಅವರ ಗಾಡಿ ಕಾದಾನ್ರಿ. ಈಗ ಇವ ಯಾರ ಹುಡುಗ ಆದ್ನೋ ನೀವ ಹೇಳ್ರಿ.”

ಹೆಬ್ಬೆಟ್ಟಿನ ಕಾಗದವನ್ನು ಕಂಡು ಅವಳು ಎಲ್ಲವೂ ಮುಗಿಯಿತೆಂದೇ ತಿಳಿದಿದ್ದಳು. ಹಾಗೆ ಮುಗಿಯುವುದಿಲ್ಲವೆಂಬುದು ಆ ಹಳೆಯ ಕಾಯಿದೆಯ ಒಳ್ಳೆಯ ಗುಣಗಳಲ್ಲೊಂದು. ತನಗೆ ಬರತಕ್ಕ ಪರಿಹಾರದ ಹಕ್ಕನ್ನು ಕಾರ್ಮಿಕನು ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟರೂ ಆ ಬರಹವು ಹದಿನೇಳನೆಯ ಕಲಮಿನ ಪ್ರಕಾರ ಶೂನ್ಯ; ಉಭಯತರೂ ಒಪ್ಪಿ ಮೊತ್ತವನ್ನು ಗೊತ್ತುಮಾಡಿಕೊಂಡರೂ ಆ ಒಪ್ಪಂದದ ಟಿಪ್ಪಣಿಯು ಆಯುಕ್ತರ ಮುಂದೆ ಬಂದು, ಅದು ನ್ಯಾಯವೆಂದು ಅವರಿಗೆ ಮನವರಿಕೆಯಾಗಿ ನೋಂದಣಿಯಾಗಬೇಕು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಡೆಯುವ ವ್ಯಾಪಾರಗಳು ಎಂಥವೆಂಬುದನ್ನು, ಆ ಕಾಯಿದೆಯನ್ನು ರಚಿಸಿದವರು ಚೆನ್ನಾಗಿ ಊಹಿಸಿದ್ದರೆಂದು ಕಾಣುತ್ತದೆ.

ಹುಡುಗನ ಪರವಾಗಿ ನಿಂತ ವಕೀಲರು ಕಮ್ಮಿ ಮಾತಿನ, ಹೆಚ್ಚು ಎಲೆಯಡಿಕೆಯ ಮನುಷ್ಯರು. ಅವರ ಮುಂದೆ ಎರಡು ದಾರಿಗಳಿದ್ದವು. ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪಘಾತ ನ್ಯಾಯಮಂಡಳಿಗೆ ಹೋದರೆ ಬರುವ ಮೊತ್ತ ಹೆಚ್ಚಾಗಬಹುದು, ಆದರೆ ಚಾಲಕನ ಅಜಾಗರೂಕತೆಯಿಂದಲೇ ಹೀಗಾಯಿತೆಂದು ಸಿದ್ಧಪಡಿಸಬೇಕು. ನಮ್ಮಲ್ಲಿಗೆ ಬಂದರೆ ಮೊತ್ತ ಕೋಷ್ಟಕದ ಲೆಕ್ಕಕ್ಕೆ ಕಟ್ಟುಬೀಳುತ್ತದೆ, ಆದರೆ ತಪ್ಪು ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ, ಅಪಘಾತವು ಕೆಲಸದ ನಿಮಿತ್ತವಾಗಿ ಕೆಲಸದ ವೇಳೆಯಲ್ಲಿ ಸಂಭವಿಸಿತೆಂದು ತೋರಿಸಿದರೆ ಸಾಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಎರಡನ್ನೂ ಪಡೆಯಲಾಗದು. ವಕೀಲರಿಗೆ ಮೊದಲನೆಯದರ ಮೇಲೆ ಮನಸ್ಸಿದ್ದಿತು. ಹುಡುಗನು ಒಪ್ಪಲಿಲ್ಲ. “ಅಣ್ಣಂದು ತಪ್ಪಿಲ್ರಿ. ನಾ ಬಡದದ್ದು ಕೇಳಿ ಬ್ರೇಕ್ ಒತ್ತಿದ್ದ. ಗಾಡಿ ನಿಲ್ಲಲಿಲ್ಲ” ಎಂದು ಅವನು ಹೇಳಿದ್ದನ್ನೇ ಹೇಳಿದನು. ತನಗೆ ಊಟ ಹಾಕಿ, ಬೈದು, ಕೈಹಿಡಿದು ಗೇರು ಹಾಕುವುದನ್ನು ಕಲಿಸಿದ ಮನುಷ್ಯನನ್ನು ಹಣಕ್ಕಾಗಿ ಅಪರಾಧಿಯೆಂದು ಕರೆಯಲು ಅವನ ನಾಲಿಗೆ ಹೊರಳಲಿಲ್ಲ. ಪೊಲೀಸರು ಹೇಗೂ ಚಾಲಕನ ಮೇಲೆ ಮೊಕದ್ದಮೆ ಹೂಡಿಯೇ ಇದ್ದರು. ಬ್ರೇಕು ಸವೆದ ಗಾಡಿಯನ್ನು ರಸ್ತೆಗೆ ಬಿಟ್ಟವನು ಚಿತ್ರದಲ್ಲೆಲ್ಲಿಯೂ ಇಲ್ಲದಂತೆ, ಇಬ್ಬರು ಬಡವರಲ್ಲಿ ಒಬ್ಬನನ್ನು ಫಿರ್ಯಾದಿಯನ್ನಾಗಿಯೂ ಇನ್ನೊಬ್ಬನನ್ನು ಆರೋಪಿಯನ್ನಾಗಿಯೂ ನಿಲ್ಲಿಸುವ ಈ ವಿಧಾನವು ನನಗೆ ಅಂದಿನಿಂದ ಇಂದಿನವರೆಗೆ ಹಿಡಿಸಿಲ್ಲ. ಅರ್ಜಿಯು ಹಸುರು ಬಟ್ಟೆಯ ಮೇಜಿಗೇ ಬಂದಿತು.

ಮಾಲೀಕರ ವಾದವು ಎರಡು ಕವಲಾಗಿದ್ದಿತು. ಹುಡುಗನು ತಮ್ಮ ಆಳಲ್ಲ; ಹಾಜರಿ ಪುಸ್ತಕದಲ್ಲಿಯೂ ಸಂಬಳದ ಪಟ್ಟಿಯಲ್ಲಿಯೂ ಅವನ ಹೆಸರಿಲ್ಲ, ಚಾಲಕನು ತನ್ನ ಭತ್ಯದಿಂದ ಇಟ್ಟುಕೊಂಡಿದ್ದರೆ ಅದು ಚಾಲಕನ ವ್ಯವಹಾರ. ಒಂದು ವೇಳೆ ಆಳೆಂದೇ ಇಟ್ಟುಕೊಂಡರೂ, ಗಾಡಿಯ ನೇರ ಹಿಂದೆ ನಿಲ್ಲಕೂಡದೆಂಬ ಆಜ್ಞೆಯನ್ನು ಉಲ್ಲಂಘಿಸಿ ನಿಂತದ್ದರಿಂದ ಪರಿಹಾರಕ್ಕೆ ಅರ್ಹನಲ್ಲ. ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಬುದ್ಧಿಪೂರ್ವಕವಾಗಿ ಮೀರಿದವನಿಗೆ ಪರಿಹಾರವಿಲ್ಲವೆಂಬ ಮಾತು ಮೂರನೆಯ ಕಲಮಿನಲ್ಲಿ ಇದ್ದುದೂ ನಿಜ. ನಮ್ಮ ವಕೀಲರು ಎಲೆಯಡಿಕೆಯನ್ನು ಹೊರಗೆ ಉಗುಳಿ ಬಂದು, ಸಾವಕಾಶವಾಗಿ, “ಸ್ವಾಮಿ, ಆಳಲ್ಲದವನಿಗೆ ಇವರು ಆಜ್ಞೆ ಕೊಟ್ಟದ್ದು ಹೇಗೆ ಎಂಬುದನ್ನು ಮೊದಲು ತಿಳಿಸಲಿ. ಎರಡನೆಯದಾಗಿ, ಹಿಂದೆ ನಿಲ್ಲಬೇಡವೆಂದು ಹೇಳಿದ್ದರೆ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದುದು ಯಾರನ್ನು ನಂಬಿ?” ಎಂದರು. ಅನಂತರ ಚಾಲಕನನ್ನು ಕರೆಸಿದರು.

ಆ ಚಾಲಕನು ಬರುವನೆಂದು ಯಾರೂ ಎಣಿಸಿರಲಿಲ್ಲ. ಅವನ ಮೇಲೆ ಕ್ರಿಮಿನಲ್ ಮೊಕದ್ದಮೆಯಿದೆ, ಜಾಮೀನು ಕೊಟ್ಟವರು ಮಾಲೀಕರ ಕಡೆಯವರೇ, ಹೊಟ್ಟೆಪಾಡೂ ಅವರದೇ ಗಾಡಿಯದು. ಬಂದನು, ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತು, “ಹುಡುಗ ನಮ್ಮ ಗಾಡಿ ಕ್ಲೀನರ್ ರೀ. ಮಾಲಕ್ರ ಮೇಸ್ತ್ರೀನ ಕಳಿಸಿಕೊಟ್ಟಿದ್ದ. ತಿಂಗಳಿಗೆ ಮುನ್ನೂರು ನನ್ನ ಕೈಯಾಗ ಕೊಡ್ತಿದ್ರು, ನಾ ಅವನ ಕೈಯಾಗ ಕೊಡ್ತಿದ್ದೆ” ಎಂದನು. ಪಾಟೀಸವಾಲಿನಲ್ಲಿ ಅವನನ್ನು ಎಷ್ಟು ಅಲ್ಲಾಡಿಸಿದರೂ ಮುನ್ನೂರು ಮುನ್ನೂರಾಗಿಯೇ ಉಳಿಯಿತು. ಆಮೇಲೆ ಅವನಿಗೆ ಆ ಗಾಡಿಯ ಕೆಲಸ ತಪ್ಪಿತೆಂದು ಕೇಳಿದೆನು. ಕಾಯಿದೆಯು ಗಾಯಾಳುವಿಗೆ ಅಷ್ಟೋ ಇಷ್ಟೋ ರಕ್ಷಣೆಯನ್ನು ಕೊಟ್ಟಿತು. ಗಾಯಾಳುವಿನ ಪರವಾಗಿ ನಿಜ ಹೇಳಿದವನಿಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಆದರೆ ಪ್ರಕರಣವನ್ನು ತೀರ್ಮಾನಿಸಿದ್ದು ವಿಮಾ ಪಾಲಿಸಿ. ವಿಮಾ ಕಂಪನಿಯವರು ತಮ್ಮ ಹೊಣೆಯನ್ನು ಮಿತಗೊಳಿಸುವ ಉದ್ದೇಶದಿಂದ ತಾವಾಗಿಯೇ ಅದರ ನಕಲನ್ನು ಹಾಜರುಪಡಿಸಿದ್ದರು, ಅದಕ್ಕೆ ಗುರುತು ಹಾಕಿದವನು ನಾನೇ. ಅದರ ಕಂತಿನ ವಿವರದಲ್ಲಿ, ಚಾಲಕನೊಬ್ಬ ಮತ್ತು ಕ್ಲೀನರನೊಬ್ಬ ಎಂದು ಇಬ್ಬರಿಗೆ ಪ್ರತ್ಯೇಕವಾಗಿ ಹಣ ಕಟ್ಟಿದ್ದ ನಮೂದು ಇದ್ದಿತು. ಆಯುಕ್ತರು ಅದನ್ನು ಕಂಡು, ಕನ್ನಡಕವನ್ನು ಹಣೆಗೇರಿಸಿ, ಕಟಕಟೆಯಲ್ಲಿದ್ದ ಮಾಲೀಕರನ್ನು ಬಹಳ ಮೃದುವಾಗಿ ಕೇಳಿದರು: “ನಿಮ್ಮ ಗಾಡಿಗೆ ಕ್ಲೀನರ್ ಒಬ್ಬನಿದ್ದನೆಂದು ನೀವೇ ಕಂತು ಕಟ್ಟಿದ್ದೀರಿ. ಈ ಹುಡುಗ ಅಲ್ಲದಿದ್ದರೆ ಅವನು ಯಾರು? ಹೆಸರು ಹೇಳಿ, ಸಮನ್ಸ್ ಕಳಿಸಿ ಕರೆಸೋಣ.” ಉತ್ತರ ಬರಲಿಲ್ಲ, ಮುಂದಿನ ತಾರೀಖನ್ನು ಕೇಳಿದರು. ಮುಂದಿನ ತಾರೀಖಿಗೂ ಬೇರೊಬ್ಬ ಕ್ಲೀನರ್ ಹುಟ್ಟಲಿಲ್ಲ. ವಿಮೆಯವರು ತಮ್ಮ ಪಾಲಿಗೆ, ಗಾಡಿಯಲ್ಲಿ ಸಾಗುತ್ತಿದ್ದ ನೌಕರನಿಗೆ ಮಾತ್ರ ತಮ್ಮ ಹೊಣೆಯೆಂದೂ ಇವನು ನೆಲದ ಮೇಲೆ ನಿಂತಿದ್ದನೆಂದೂ ಒಂದು ಸೂಕ್ಷ್ಮವನ್ನು ಎತ್ತಿದರು. ಗಾಡಿಯ ಕೆಲಸಕ್ಕಾಗಿಯೇ ಗಾಡಿಯಿಂದ ಇಳಿದವನು ಗಾಡಿಯ ನೌಕರನಾಗಿಯೇ ಉಳಿಯುವನೆಂದು ಆಯುಕ್ತರು ಎರಡು ವಾಕ್ಯಗಳಲ್ಲಿ ಅದನ್ನು ತಳ್ಳಿಹಾಕಿದರು.

ಇನ್ನು ಉಳಿದದ್ದು ಅಂಕಗಣಿತ. ಆ ಕಾಯಿದೆಯ ಅನುಸೂಚಿಗಳನ್ನು ಮೊದಲ ಬಾರಿಗೆ ಓದುವವರಿಗೆ ಮೈ ಜುಮ್ಮೆನ್ನದಿರದು. ಮನುಷ್ಯದೇಹದ ಒಂದೊಂದು ಅವಯವಕ್ಕೂ ಅಲ್ಲಿ ಶೇಕಡಾವಾರು ದರವನ್ನು ಗೊತ್ತುಮಾಡಿದ್ದಾರೆ: ಭುಜದ ಕೀಲಿನಲ್ಲಿಯೇ ತೋಳು ಹೋದರೆ 90, ಹೆಬ್ಬೆರಳು ಹೋದರೆ 30, ಮಂಡಿಯ ಕೆಳಗೆ ಮೂರೂವರೆ ಅಂಗುಲಕ್ಕೆ ಮೇಲ್ಪಟ್ಟು ಐದು ಅಂಗುಲದೊಳಗೆ ಉಳಿದಂತೆ ಕಾಲು ಹೋದರೆ 50. ವಯಸ್ಸಿಗೂ ಒಂದು ಕೋಷ್ಟಕವಿದೆ. 20ನೆಯ ವಯಸ್ಸಿಗೆ 224, ಒಂದು ವರ್ಷ ಏರಿದರೆ 222.71, ನಲವತ್ತಾದರೆ 184.17. ಜನ್ಮದಿನವನ್ನು ಬರೆದಿಟ್ಟುಕೊಂಡಿಲ್ಲದ, ‘ಬರಗಾಲದ ಮುಂದಿನ ವರ್ಷ ಹುಟ್ಟಿದವ’ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಲಾರದ ತಾಯಂದಿರ ಮಕ್ಕಳಿಗೆ ಆ ದಶಮಾಂಶಗಳನ್ನು ಹೊಂದಿಸುತ್ತ ನಾನು ಕುಳಿತಿರುತ್ತಿದ್ದೆನು. ವೈದ್ಯರು ನಮ್ಮ ಹುಡುಗನಿಗೆ ಇಪ್ಪತ್ತೆಂದರು. 1984ರ ತಿದ್ದುಪಡಿಯ ಪ್ರಕಾರ ಪೂರ್ಣ ಅಶಕ್ತತೆಗೆ ಸಂಬಳದ ಅರ್ಧವನ್ನು ಆ ಗುಣಾಂಕದಿಂದ ಗುಣಿಸತಕ್ಕದ್ದು: ನೂರೈವತ್ತನ್ನು 224ರಿಂದ ಗುಣಿಸಿದರೆ 33,600 ರೂಪಾಯಿ. ಕಾಲಿನ ದರ ಶೇಕಡಾ 50 ಆದಕಾರಣ ಅದರಲ್ಲಿ ಅರ್ಧ, 16,800 ಮಾತ್ರವೆಂದು ವಿಮೆಯವರ ವಾದ.

ಇಲ್ಲಿ ನಮ್ಮ ವಕೀಲರು ಬಡಗಿಯೊಬ್ಬನ ಪ್ರಕರಣವನ್ನು ತೆಗೆದರು. ಮೊಣಕೈಯ ಮೇಲ್ಭಾಗದಲ್ಲಿ ಎಡಗೈಯನ್ನು ಕಳೆದುಕೊಂಡಿದ್ದ ಆ ಬಡಗಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ, ಒಂದೇ ಕೈಯಿಂದ ಬಡಗಿಯ ಕೆಲಸ ಅಸಾಧ್ಯವಾದುದರಿಂದ ಅವನ ಅಶಕ್ತತೆ ಪೂರ್ಣವೆಂದೇ ಗಣಿಸತಕ್ಕದ್ದೆಂದು ತೀರ್ಪಿತ್ತಿತ್ತು. ಪರಿಹಾರವು ಸಲ್ಲತಕ್ಕದ್ದು ಅಪಘಾತದ ದಿನದಿಂದಲೇ ಹೊರತು ಆಯುಕ್ತರು ಆದೇಶ ಬರೆದ ದಿನದಿಂದಲ್ಲವೆಂದೂ ಅದರಲ್ಲಿಯೇ ಹೇಳಿದ್ದಿತು. ಅನುಸೂಚಿಯು ದೇಹವನ್ನು ಅಳೆಯುತ್ತದೆ. ಆ ತೀರ್ಪು ಕಸುಬನ್ನು ಅಳೆಯಿತು. ತೊಟ್ಟಿಯ ಮೇಲೆ ಹತ್ತಿ ತಾಡಪಾಲು ಬಿಗಿಯುವುದು, ಜಾಕು ಹಾಕಿ ಟಯರು ಬದಲಿಸುವುದು, ಚಲಿಸುವ ಗಾಡಿಯ ಹಿಂದೆ ಓಡಿ ಮೆಟ್ಟಿಲು ಹಿಡಿಯುವುದು, ಇವುಗಳಲ್ಲಿ ಯಾವುದನ್ನು ಈ ಹುಡುಗ ಒಂದು ಕಾಲಿನಿಂದ ಮಾಡಿಯಾನೆಂದು ವಕೀಲರು ಕೇಳಿದರು. ಆಯುಕ್ತರು ಪೂರ್ತಿ 33,600ನ್ನೂ ಅದರ ಮೇಲೆ ಬಡ್ಡಿಯನ್ನೂ ವಿಧಿಸಿದರು. ಹಣವು ಬಂದು ಠೇವಣಿಯಾಯಿತು.

ಹುಡುಗನು ಜೈಪುರದ ಕಾಲನ್ನು ಹಾಕಿಸಿಕೊಂಡು, ಸಂಡೂರಿನ ರಸ್ತೆಯ ಪಕ್ಕದಲ್ಲಿ ಪಂಕ್ಚರ್ ಅಂಗಡಿಯನ್ನಿಟ್ಟನು. ಒಮ್ಮೆ ವಿಮೆಯ ಕಡೆಯ ಗುಮಾಸ್ತರು ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದವರು ಆ ಅಂಗಡಿಯನ್ನು ಕಂಡು, “ನೋಡ್ರಿ, ನೂರಕ್ಕೆ ನೂರು ಅಶಕ್ತ ಅಂತ ಬರೆಸಿಕೊಂಡವ ಹೆಂಗೆ ದುಡೀತಾನ!” ಎಂದು ನಕ್ಕರು. ದುಡಿಯದೆ ಏನು ಮಾಡಿಯಾನು? 33,600 ರೂಪಾಯಿ ಜೀವಮಾನಕ್ಕೆಲ್ಲ ಸಾಕೆಂದು ಅವರೂ ನಂಬಿರಲಾರರು. ಕಾಯಿದೆಯ ಪೂರ್ಣತ್ವವು ಒಂದು ಕಸುಬಿನ ಪೂರ್ಣತ್ವ. ಬದುಕಿಗೆ ಅದಕ್ಕಿಂತ ಹೆಚ್ಚಿನ ಕಸುಬುಗಳು ಬೇಕಾಗುತ್ತವೆ.

ಎಲ್ಲವೂ ಹೀಗೆ ನೇರ್ಪಾಗುತ್ತಿರಲಿಲ್ಲ. ಹಿಂದಕ್ಕೆ ಬರುತ್ತಿದ್ದ ಲಾರಿಗೆ ಸಿಕ್ಕಿ, ಅದಿರು ಹೊರುತ್ತಿದ್ದ ಹೆಂಗಸೊಬ್ಬಳು ಸತ್ತುದನ್ನು ನಾವು ತಿಳಿದದ್ದೇ ಬಹಳ ತಡವಾಗಿ. ಮಣ್ಣು ಮಾಡಿದ ಸಂಜೆಯೇ ಕಂತ್ರಾಟುದಾರನು ಗಂಡನಿಗೆ ಹಣ ಕೊಟ್ಟು ರಸೀತಿ ಪಡೆದಿದ್ದನು. ಸಾವಿನ ಪರಿಹಾರವನ್ನು ಆಯುಕ್ತರಲ್ಲಿಯೇ ಠೇವಣಿ ಇಡಬೇಕು, ನೇರವಾಗಿ ಕೊಟ್ಟುದು ಕೊಟ್ಟಂತಾಗದು ಎಂಬ ಎಂಟನೆಯ ಕಲಮನ್ನು ತೋರಿಸಿದಾಗ ಅವನು ನಿಜವಾಗಿಯೂ ಅನ್ಯಾಯಕ್ಕೊಳಗಾದವನಂತೆ ಬೆರಗಾಗಿ ನಿಂತನು. ಆ ಹಣದಲ್ಲಿ ಅವಳ ಚಿಕ್ಕ ಹೆಣ್ಣುಮಕ್ಕಳಿಗೂ ಪಾಲಿದೆಯೆಂಬುದು ಅವನಿಗಾಗಲಿ ಗಂಡನಿಗಾಗಲಿ ಹೊಳೆದೇ ಇರಲಿಲ್ಲ. ಗಂಡನು ಆ ದಿನ ಆಯುಕ್ತರ ಮೇಲೆಯೇ ಸಿಟ್ಟಾಗಿ ಹೋದನು.

ಮುಂದೆ 2003ರ ಸುಮಾರಿನಿಂದ ಅದಿರಿಗೆ ಬಂದ ಬೆಲೆ, ರಸ್ತೆಯ ಮೇಲೆ ಹಗಲಿರುಳೆನ್ನದೆ ಸಾಲುಗಟ್ಟಿದ ಟಿಪ್ಪರುಗಳು, ಊರೂರುಗಳ ಮರಗಿಡಗಳೆಲ್ಲ ಕೆಂಪಾದುದು, ಇವನ್ನು ಕಂಡವರು ಬೇಕಾದಷ್ಟು ಜನ ಬರೆದಿದ್ದಾರೆ. ನಮ್ಮ ಮೇಜಿನ ಮುಂದೆ ಕಂಡ ವ್ಯತ್ಯಾಸವೆಂದರೆ, ಯಾರ ಆಳೆಂಬ ಪ್ರಶ್ನೆಗೆ ಮೆಟ್ಟಿಲುಗಳು ಹೆಚ್ಚಾದುವು: ಗಣಿಯವರು, ಅವರಿಂದ ಸಾಗಾಣಿಕೆಯ ಗುತ್ತಿಗೆ ಹಿಡಿದವರು, ಅವರಿಂದ ಉಪಗುತ್ತಿಗೆ ಪಡೆದವರು, ಕೊನೆಗೆ ಸಾಲದ ಕಂತಿನ ಮೇಲೆ ಒಂದೇ ಟಿಪ್ಪರನ್ನು ಕೊಂಡು, ನಿನ್ನೆಯವರೆಗೆ ತಾನೇ ಚಾಲಕನಾಗಿದ್ದು ಇಂದು ಮಾಲೀಕನೆನಿಸಿಕೊಂಡ ಬಡಪಾಯಿ. ಗುತ್ತಿಗೆದಾರನ ಆಳಿಗೆ ಕೆಲಸ ಮಾಡಿಸಿಕೊಂಡ ಮೂಲ ಯಜಮಾನನೇ ಹೊಣೆಯೆಂದು ಹನ್ನೆರಡನೆಯ ಕಲಮು ಹೇಳುತ್ತಿತ್ತು. ಆದರೆ ಆ ಮೂಲವನ್ನು ಹುಡುಕುತ್ತ ಮೇಲಕ್ಕೆ ಹತ್ತುವುದು ಬಿಹಾರದಿಂದಲೋ ಜಾರ್ಖಂಡಿನಿಂದಲೋ ಬಂದು ಕೈ ಮುರಿದುಕೊಂಡು ಮಲಗಿದವನಿಗೆ ಸಾಧ್ಯವಾಗುವ ಕೆಲಸವಲ್ಲ. 2008ರಲ್ಲಿ, ಬಲಗಾಲನ್ನು ಮಂಡಿಯವರೆಗೆ ಕಳೆದುಕೊಂಡ ನಮ್ಮದೇ ರಾಜ್ಯದ ಟ್ಯಾಂಕರ್ ಚಾಲಕನೊಬ್ಬನ ವಿಷಯದಲ್ಲಿ ಸುಪ್ರೀಂ ಕೋರ್ಟು ಹಳೆಯ ಬಡಗಿಯ ತೀರ್ಪನ್ನೇ ಅನುಸರಿಸಿ, ಚಾಲಕನಾಗಿ ಅವನ ಅಶಕ್ತತೆ ನೂರಕ್ಕೆ ನೂರೆಂದಿತು. ಆ ಸುದ್ದಿಯನ್ನು ಓದಿದ ದಿನ ನಮ್ಮ ಆ ಎಲೆಯಡಿಕೆಯ ವಕೀಲರು ಬದುಕಿರಲಿಲ್ಲ. ಮೂರು ವರ್ಷದ ಮೇಲೆ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ, ಟಿಪ್ಪರುಗಳು ಹೊಲಗಳ ಬದಿಯಲ್ಲಿ ನಿಂತು ತುಕ್ಕು ಹಿಡಿದುವು. ಬಾಕಿಯಿದ್ದ ಅರ್ಜಿಗಳಲ್ಲಿ ಎಷ್ಟೋ ಮಂದಿ ಮಾಲೀಕರು ಹೇಳಿಹೋದ ವಿಳಾಸದಲ್ಲಿ ಸಿಕ್ಕಲಿಲ್ಲ.

ಈಗ ಲೆಕ್ಕ ಬಹಳ ಮೇಲೇರಿದೆ. ಸಂಬಳದ ಮಿತಿ 1984ರಲ್ಲಿ ತಿಂಗಳಿಗೆ ಸಾವಿರವಿದ್ದುದು, ಎರಡು, ನಾಲ್ಕು, ಎಂಟು ಸಾವಿರಗಳನ್ನು ದಾಟಿ, 2020ರ ಜನವರಿಯಿಂದ ಹದಿನೈದು ಸಾವಿರವಾಯಿತು. ಅರ್ಧವಿದ್ದ ಭಾಗವು ಶೇಕಡಾ 60 ಆಗಿದೆ. ಅಷ್ಟು ಸಂಬಳದ, ಅದೇ ಇಪ್ಪತ್ತರ ಹುಡುಗನೊಬ್ಬನು ಪೂರ್ಣ ಅಶಕ್ತನಾದರೆ ಬರತಕ್ಕದ್ದು 20,16,000 ರೂಪಾಯಿ. ಮೊತ್ತ ದೊಡ್ಡದಾದಷ್ಟೂ ‘ಇವನು ನಮ್ಮವನಲ್ಲ’ ಎನ್ನುವ ಆತುರವೂ ದೊಡ್ಡದಾಗಿದೆ, ಅಷ್ಟೆ.

ನಿವೃತ್ತನಾದ ಮೇಲೂ ಒಬ್ಬರಲ್ಲ ಒಬ್ಬರು ಮನೆ ಹುಡುಕಿಕೊಂಡು ಬರುವುದುಂಟು. ಇತ್ತೀಚೆಗೆ ತೋರಣಗಲ್ಲಿನ ಕಡೆಯಿಂದ ಟಿಪ್ಪರಿನ ಹೆಲ್ಪರ್ ಹುಡುಗನೊಬ್ಬ ಬಂದಿದ್ದನು. ಬಲಗೈಯ ನಾಲ್ಕು ಬೆರಳುಗಳಿಲ್ಲ. ಕೇಸು ಹಾಕಬೇಡ, ನಾವೇ ನೋಡಿಕೊಳ್ಳುತ್ತೇವೆ ಎಂದು ಹೇಳುತ್ತ ಮಾಲೀಕರು ಒಂದೂವರೆ ವರ್ಷವನ್ನು ಕಳೆದುಬಿಟ್ಟಿದ್ದರು. ಅರ್ಜಿ ಹಾಕಲು ಎರಡು ವರ್ಷದ ಗಡುವಿದೆಯೆಂದೂ, ಮೀರಿದರೆ ತಡವಾದುದಕ್ಕೆ ತಕ್ಕ ಕಾರಣವನ್ನು ತೋರಿಸಬೇಕಾಗುವುದೆಂದೂ ತಿಳಿಸಿ, ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ, ಗಾಡಿಯ ನಂಬರು ಇವನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಟ್ಟೆನು. ಸಂಬಳವನ್ನು ಹೇಗೆ ಕೊಡುತ್ತಿದ್ದರೆಂದು ಕೇಳಿದೆ.

“ಫೋನಿಗೆ ಹಾಕ್ತಿದ್ರು ಸಾರ್.”

“ಹಾಗಾದರೆ ಆ ಫೋನನ್ನು ಜೋಪಾನವಾಗಿಟ್ಟುಕೊ.”

“ಫೋನು ಅವರೇ ಕೊಡ್ಸಿದ್ದು ಸಾರ್. ಮೊನ್ನೆ ಮೇಸ್ತ್ರಿ ಬಂದು ವಾಪಸ್ ಇಸ್ಕೊಂಡು ಹೋದ.”

ದುಡ್ಡು ಜಮೆಯಾದದ್ದು ನಿನ್ನ ಬ್ಯಾಂಕಿನ ಖಾತೆಗೆ ತಾನೆ, ಅದರ ಪಾಸ್‌ಬುಕ್ಕಿನಲ್ಲಿ ಎಲ್ಲವೂ ಮುದ್ರಿತವಾಗಿ ಬರುತ್ತದೆ, ಈಗಲೇ ಹೋಗಿ ಬರೆಸಿಕೊಂಡು ಬಾ, ನಾಳೆ ಎರಡನೆಯ ಶನಿವಾರ, ಬ್ಯಾಂಕು ಇರುವುದಿಲ್ಲ ಎಂದು ಹೇಳಿ, ಕಾಫಿಯನ್ನೂ ಕುಡಿಯಗೊಡದೆ ಅವನನ್ನು ಎಬ್ಬಿಸಿ ಕಳಿಸಿದೆನು.